ಮೂರು ತಾಸಿನ ದಾರಿ

ಇದನ್ನು ಬರೆಯಲು ಕುಳಿತು ಎಷ್ಟೋ ಸಲ ಎದ್ದುಹೋಗಿದ್ದೇನೆ. ಎದ್ದಾಗಲೆಲ್ಲ ಅಣ್ಣ ಮಾಡಿದ್ದನ್ನು ನೆನೆದು ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಿದ್ದೆ.

ಅವ್ವ ಸತ್ತಾಗ ನಾನು ಸೋಲಾಪುರದಲ್ಲಿ ಟವೆಲ್ ಮಗ್ಗದ ಕೆಲಸದಲ್ಲಿದ್ದೆ. ಸುದ್ದಿ ಮುಟ್ಟಿದ ಕೂಡಲೇ ಹೊರಟೆ. ಅಕ್ಕಲಕೋಟೆಯಲ್ಲಿ ನಮ್ಮೂರ ಕಡೆ ಹೋಗುವ ಕರಜಗಿಯ ಎಸ್‌ಟಿ ಬಸ್ಸು ಬರಲೇ ಇಲ್ಲ. ಸಿಕ್ಕ ಟೆಂಪೋ ಹತ್ತಿ ಊರು ಮುಟ್ಟಿದಾಗ ಜನ ಮಣ್ಣು ಮಾಡಿ ಹೊಲದಿಂದ ತಿರುಗಿ ಬರುತ್ತಿದ್ದರು. ಅಣ್ಣ ಕಾಲು ತೊಳೆಯುತ್ತ ಎಲ್ಲರೆದುರು, "ಸೋಲಾಪುರದಿಂದ ಬರಾಕ ವಿಮಾನ ಬೇಕಾಗಿತ್ತೇನೋ ನಿನಗ?" ಅಂದ. ನಾಲ್ಕು ಜನ ನಕ್ಕರು. ಆ ನಗೆಯನ್ನು ನಾನು ವರ್ಷಗಟ್ಟಲೆ ಸಾಕಿದೆ.

ಹೋದ ವರ್ಷ ಒಂದು ರಾತ್ರಿ ಅಣ್ಣ ತೀರಿಕೊಂಡ. ಅಷ್ಟೊತ್ತಿಗೆ ನಾನು ಮಗ್ಗ ಬಿಟ್ಟು ಊರಿಗೆ ಬಂದಿದ್ದೆ. ಅವನಿಗೆ ಇದ್ದವಳು ಒಬ್ಬಳೇ ಮಗಳು, ಸೈನ್ಯದಲ್ಲಿರುವ ಗಂಡನ ಜೊತೆ ಗುವಾಹಟಿಯಲ್ಲಿ. ಬೆಳಗಾಗುವ ಮೊದಲೇ ಅವಳ ಫೋನು ಬಂತು.

"ಕಾಕಾ, ಮುಂಜಾನಿ ವಿಮಾನ ಸಿಕ್ಕೈತ್ರಿ. ಮೂರು ತಾಸಿಗೆ ಹೈದರಾಬಾದ. ಅಲ್ಲಿಂದ ಗಾಡಿ ಮಾಡ್ಕೊಂಡು ಹೊತ್ತು ಮುಳುಗೂದ್ರಾಗ ಬರ್ತೀನಿ. ಅಪ್ಪನ ಮುಖ ತೋರಸ್ರಿ."

"ಆತು ಬಾ ಅವ್ವಾ" ಅಂದೆ.

ನಮ್ಮಲ್ಲಿ ಹೆಣ ಮಣ್ಣಾಗುವ ತನಕ ಓಣಿಯಲ್ಲಿ ಒಲೆ ಹೊತ್ತುವುದಿಲ್ಲ. ಹಿರಿಯರು ಕಟ್ಟೆಯ ಮೇಲೆ ಕುಳಿತು, "ಮಗಳು ಎಲ್ಲಿಗಿ ಬಂದಾಳೋ? ಎಷ್ಟು ದೂರ ಆಗತೈತಿ?" ಎಂದು ಕೇಳಿದರು.

"ರೋಡ್ ಮ್ಯಾಲ ಎರಡೂವರೆ ಸಾವಿರ ಕಿಲೋಮೀಟರ್ ದಾಟತೈತ್ರಿ" ಅಂದೆ. ಎಷ್ಟು ತಾಸು ಎಂದು ಹೇಳಲಿಲ್ಲ.

ಒಬ್ಬರು ಬೆರಳು ಮಡಚಿದರು. "ಮುಂಬೈಗೆ ಎಸ್‌ಟಿ ಒಂದು ರಾತ್ರಿ ತಗೋತೈತಿ. ಇದು ಅಂಥಾ ಆರು ಮುಂಬೈ. ವಿಮಾನ ಅಂದ್ರೂ ನಾಳಿ ಸಂಜಿ ಆಗತೈತಿ ತಗೀ. ಹುಡುಗ್ರು ಉಪವಾಸ ಅದಾವ. ಎತ್ರಿ ಇನ್ನ."

ಅವಳು ಅಂದೇ ಹೊತ್ತು ಮುಳುಗುವುದರೊಳಗೆ ಮುಟ್ಟುತ್ತಾಳೆಂದು ಗೊತ್ತಿದ್ದವನು ನಾನೊಬ್ಬನೇ. ಬಾಯಿ ಬಿಡಲಿಲ್ಲ. ಸುಳ್ಳನ್ನಂತೂ ಹೇಳಿಲ್ಲವಲ್ಲ ಅಂದುಕೊಂಡೆ. ಅಣ್ಣನ ಮೇಲೆ ಮೊದಲ ಹಿಡಿ ಮಣ್ಣು ಹಾಕುವಾಗ ನನ್ನೊಳಗೆ ತಣ್ಣಗಾಯಿತು. ನಿನ್ನ ಮಗಳೂ ಬರಿ ಮಣ್ಣನ್ನೇ ನೋಡಲಿ ಎಂದು ಮನಸ್ಸಿನಲ್ಲೇ ಅವನಿಗೆ ಹೇಳಿದೆ.

ಬಿಸಿಲು ಇನ್ನೂ ಇರುವಾಗಲೇ ಅವಳ ಗಾಡಿ ಬಂತು. ಅಂಗಳದಲ್ಲಿ ಪಾತ್ರೆಗಳ ಸಪ್ಪಳ, ಒಲೆಯ ಹೊಗೆ. ಅವಳಿಗೆ ಯಾರೂ ಹೇಳಬೇಕಾಗಲಿಲ್ಲ. ಚಪ್ಪಲಿಯಿಲ್ಲದೆ ಹೊಲಕ್ಕೆ ಓಡಿದಳು. ನಾನು ಹಿಂದೆ ಹೋದೆ. ಹಸಿ ಮಣ್ಣಿನ ಮೇಲೆ ಅಂಗೈ ಊರಿ ಬಹಳ ಹೊತ್ತು ಕುಳಿತಿದ್ದಳು. ನನ್ನನ್ನು ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಅಣ್ಣನ ಆ ಮಾತನ್ನು ಅವಳ ಮುಖಕ್ಕೇ ಒಗೆಯುವವನಿದ್ದೆ.

ಅವಳು ಎದ್ದು ನನ್ನ ಕೈ ಹಿಡಿದುಕೊಂಡಳು. "ಯಾರೂ ನಿಮ್ಮ ಮಾತು ಕೇಳಲಿಲ್ಲೇನ್ರಿ ಕಾಕಾ? ಹೋಗ್ಲಿ, ನೀವರ ಇದ್ರಲ್ಲ ಅಪ್ಪನ ಹತ್ರ, ಕಡೀತನಕ."

"ಹೂಂ" ಅಂದೆ.

ಅಣ್ಣನ ಮೇಲಿನ ಸಿಟ್ಟು ಇಂದಿಗೂ ಆರಿಲ್ಲ, ಅವನ ಕ್ಷಮೆ ಕೇಳುವವನೂ ನಾನಲ್ಲ. ಆದರೆ ಅವಳು ಪ್ರತಿ ಹಬ್ಬಕ್ಕೆ ಗುವಾಹಟಿಯಿಂದ ಫೋನು ಮಾಡಿ, ಗುಳಿಗೆ ತಗೊಂಡ್ರೇನ್ರಿ ಎಂದು ವಿಚಾರಿಸುತ್ತಾಳೆ. ತಗೊಂಡೆ ಎನ್ನುತ್ತೇನೆ, ಫೋನು ಇಡುತ್ತೇನೆ. ನಾನು ತಪ್ಪಾಯಿತೆಂದು ಹೇಳದೆ ಉಳಿದಿರುವುದು ಅವಳಿಗೆ, ನನ್ನ ಅಣ್ಣನ ಮಗಳಿಗೆ.