ಎಡಗಡೆ ಮುಂದಿನ ಚಕ್ರದ ಸದ್ದು

ನಾನು ಹಾನುಬಾಳಿನಿಂದ ಸಕಲೇಶಪುರದ ಶಾಲೆಗೆ ಪಾಠ ಹೇಳಲು ಹೋಗಿಬರುವ ಕಾರು, ನಮ್ಮ ಮನೆಗೆ ಬರುವ ಹೊತ್ತಿಗೇ ಹಳೆಯದಾಗಿತ್ತು. ಕಳೆದ ಮಳೆಗಾಲ ಮುಗಿಯುವಷ್ಟರಲ್ಲಿ ಎರಡು ಲಕ್ಷ ಕಿಲೋಮೀಟರ್ ದಾಟಿತು. ಆಯಿಲ್ ಬದಲಾಯಿಸಿ, ಟೈರಿಗೆ ಗಾಳಿ ಹಿಡಿಸಿದರೆ ಸಾಕೆಂದುಕೊಂಡಿದ್ದೆ. ಉಳಿದದ್ದನ್ನು ಕೆಟ್ಟು ನಿಂತ ದಿನ ನೋಡಿಕೊಂಡರಾಯಿತು.

ಸದ್ದು ಮೊದಲು ಕೇಳಿಸಿದ್ದು ನಮ್ಮ ಅತ್ತೆಗೆ. ಮಂಡಿನೋವು ತೋರಿಸಲು ಅವರನ್ನು ಹಾಸನಕ್ಕೆ ಕರೆದೊಯ್ಯುತ್ತಿದ್ದೆ. ಆಲೂರು ದಾಟುತ್ತಿದ್ದಂತೆ ಅವರು ಕಿಟಕಿ ಇಳಿಸಿ ಕಿವಿಗೊಟ್ಟರು.

"ಗುಂಯ್ ಅಂತೈತೆ ಕಣಮ್ಮ, ನಿಂಗೆ ಕೇಳಲ್ವಾ?"

"ರೋಡೇ ಹಂಗೈತೆ ಅತ್ತೆ."

"ರೋಡಿನ ಸದ್ದಲ್ಲ. ನೀನು ಬಲಕ್ಕೆ ತಿರುಗಿಸ್ದಾಗ ಜಾಸ್ತಿ ಆಗ್ತೈತೆ. ನನ್ ಕಡೆ ಚಕ್ರದ ಬೇರಿಂಗ್ ಹೋಗೈತೆ."

ರಜೆ ಹಾಕಿ ಬಂದಿದ್ದೆ, ತಡವಾಗಿತ್ತು. "ಕಾರಿನ ವಿಷಯ ನಿಮಗೇನು ಗೊತ್ತು?" ಎಂದುಬಿಟ್ಟೆ. ಅವರು ಕಿಟಕಿ ಏರಿಸಿದರು.

ಅತ್ತೆ ಮೂವತ್ತು ವರ್ಷ ಹಿಟ್ಟಿನ ಗಿರಣಿ ನಡೆಸಿದವರು. ಊರವರು, ಕಾಫಿ ಎಸ್ಟೇಟಿನ ಕೂಲಿ ಲೈನುಗಳ ಹೆಂಗಸರು, ಎಲ್ಲರೂ ಅಲ್ಲಿಗೇ ರಾಗಿ ತರುತ್ತಿದ್ದರಂತೆ. ಪ್ಯಾಕೆಟ್ ಹಿಟ್ಟು ಬಂದ ಮೇಲೆ ಗಿರಾಕಿ ಕಡಿಮೆಯಾಗಿ ಗಿರಣಿ ಮಾರಿದರು. ನಾನು ಸೊಸೆಯಾಗಿ ಬಂದದ್ದು ಆಮೇಲೆ. ನಾನು ಕಂಡದ್ದು ಮಂಡಿ ಹಿಡಿದುಕೊಂಡು ಜಗಲಿಯಲ್ಲಿ ಕೂರುವ ಅತ್ತೆಯನ್ನು ಮಾತ್ರ.

ಹತ್ತು ದಿನ ಕಳೆಯುವುದರೊಳಗೆ ಆ ಸದ್ದು ನನಗೂ ಕೇಳತೊಡಗಿತು. ಶನಿವಾರ ಗ್ಯಾರೇಜಿಗೆ ಹೊರಟಾಗ, "ನೀವೂ ಬರ್ತೀರಾ?" ಎಂದು ಕೇಳಿದೆ. ಅವರು ಒಳಗೆ ಹೋಗಿ ಸೀರೆ ಬದಲಾಯಿಸಿ ಬಂದರು.

ಮೆಕ್ಯಾನಿಕ್ ಜಾಕ್ ಕೊಟ್ಟು ಎಡಗಡೆ ಮುಂದಿನ ಚಕ್ರ ತಿರುಗಿಸಿದ. ಒಳಗೆ ಗರಗರ ಎಂದಿತು.

"ಬೇರಿಂಗೇ ಕಣ್ರೀ. ಇನ್ನೊಂದಿಷ್ಟು ದಿನ ಓಡ್ಸಿದ್ರೆ ಘಾಟಿಯಲ್ಲಿ ಚಕ್ರನೇ ಹಿಡ್ಕೊಂಡ್ ಬುಡೋದು. ಯಾರು ಕಂಡುಹಿಡಿದಿದ್ದು?"

ನಾನು ಅತ್ತೆಯ ಕಡೆ ತೋರಿಸಿದೆ. ಅವನು ಅವರಿಗೆಂದು ಕುರ್ಚಿ ತರಿಸಿ ಬಾನೆಟ್ ಪಕ್ಕದಲ್ಲೇ ಹಾಕಿಸಿದ. ಅತ್ತೆ ಕೂರಲಿಲ್ಲ. ಬಗ್ಗಿ ಎಂಜಿನ್ನಿನ ಬೆಲ್ಟನ್ನು ಬೆರಳಿಂದ ಹೊರಳಿಸಿ ನೋಡಿದರು. ಒಳಮೈಯಲ್ಲಿ ಸಣ್ಣ ಬಿರುಕುಗಳಿದ್ದವು.

"ಇನ್ನೂ ಎರಡು ತಿಂಗ್ಳು ಬರ್ತೈತಮ್ಮ," ಎಂದ ಮೆಕ್ಯಾನಿಕ್.

"ನಾನೂ ಒಂದ್ಸಲ ಹಂಗೇ ಅಂದ್ಕೊಂಡಿದ್ದೆ ಕಣಪ್ಪ. ಹಬ್ಬದ ಹಿಂದಿನ ದಿನ ಗಿರಣಿ ಬೆಲ್ಟ್ ಹರಿದೋಯ್ತು. ಹೆಂಗಸ್ರು ಕಂಕುಳಲ್ಲಿ ಮಗ ಎತ್ಕೊಂಡು, ತಲೆ ಮೇಲೆ ರಾಗಿ ಹೊತ್ಕೊಂಡು ನಡ್ಕೊಂಡು ಬಂದಿದ್ರು. ವಾಪಸ್ ಹೋಗಿ ಅನ್ನಕ್ಕೆ ನಂಗೆ ಬಾಯಿ ಬರ್ಲಿಲ್ಲ. ಆಮೇಲೆ ಯಾವತ್ತೂ ಬೆಲ್ಟ್ ಹರಿಯೋ ತಂಕ ಕಾಯ್ಲಿಲ್ಲ."

ಅವನು ಹೊಸ ಬೆಲ್ಟ್ ತಂದ. ಮುಂದೆ ಏನೇ ಬಿಚ್ಚಿದರೂ ಅವರಿಗೆ ತೋರಿಸಿಯೇ ಬಿಚ್ಚಿದ. ಅತ್ತೆ ಅಷ್ಟು ಹೊತ್ತು ನಿಂತದ್ದನ್ನು, ಅಷ್ಟು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಈ ಮನೆಗೆ ಬಂದು ಇಷ್ಟು ವರ್ಷವಾದರೂ ಗಿರಣಿಯ ಬಗ್ಗೆ ನಾನಾಗಿ ಅವರನ್ನು ಒಂದು ಮಾತು ಕೇಳಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಹಿಂದಿರುಗುವಾಗ, "ಅವತ್ತು ಹಂಗೆ ಅನ್ನಬಾರದಿತ್ತು ಅತ್ತೆ," ಎಂದೆ.

"ಏನಂದಿದ್ದೆ?" ಎಂದರು. ಅವರು ಮರೆತಿರಲಿಲ್ಲ, ನನಗೆ ಗೊತ್ತು.

ಈಗ ಭಾನುವಾರ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗಲೇ ನಾನು ಬಾನೆಟ್ ಎತ್ತಿ ಆಯಿಲ್, ಕೂಲೆಂಟ್ ನೋಡುತ್ತೇನೆ. ಅತ್ತೆ ಮೆಟ್ಟಿಲ ಮೇಲೆ ಕೂತು ಬಣ್ಣ ಹೇಗಿದೆ, ಎಷ್ಟು ಇಳಿದಿದೆ ಎಂದು ಕೇಳುತ್ತಾರೆ. ಬ್ರೇಕ್ ಪ್ಯಾಡ್ ಈ ತಿಂಗಳೇ ನೋಡಿಸು ಎಂದಿದ್ದಾರೆ.