ಟೀಚರ ಫ್ಲಾಪಿಗಳಿಗೆ ಹಚ್ಚಿದ ಕುಂಕುಮ

ಟೀಚರ ಮೂಗಿನ ಬಲಬದಿಯಲ್ಲಿ ಕಡಲೆಕಾಳಿನಷ್ಟು ದೊಡ್ಡ ಕಪ್ಪು ಮಚ್ಚೆ ಇತ್ತು. ಅಸಹ್ಯವಾದಾಗ ಅವರ ಮೂಗು ಮೇಲಕ್ಕೆ ಸುಕ್ಕುಗಟ್ಟಿ, ಆ ಮಚ್ಚೆ ಕನ್ನಡಕದ ಅಂಚಿನಡಿ ಅಡಗಿಬಿಡುತ್ತಿತ್ತು. ಮಚ್ಚೆ ಕಾಣದಿದ್ದರೆ ಕಚೇರಿಯವರೆಲ್ಲ ಬಾಯಿ ಮುಚ್ಚಿಕೊಳ್ಳುತ್ತಿದ್ದೆವು. ಗೋಳಿಬಜೆ ತಿಂದ ಕೈಯಲ್ಲಿ ಯಾರಾದರೂ ಕೀಬೋರ್ಡು ಮುಟ್ಟಿದರೆ ಅವರಿಗೆ ಅಸಹ್ಯವಾಗುತ್ತಿತ್ತು. ಫ್ಲಾಪಿಯ ಮೇಲೆ ಚಹಾದ ಲೋಟ ಇಟ್ಟರೆ ಆಗುತ್ತಿತ್ತು. ಗೊತ್ತಿಲ್ಲದ್ದನ್ನು ಗೊತ್ತುಂಟು ಎನ್ನುವವರನ್ನು ಕಂಡರಂತೂ ಕೇಳುವುದೇ ಬೇಡ.

ಫ್ಲಾಪಿ ಎಂದರೇನೆಂದು ಈಗಿನವರಿಗೆ ಹೇಳಬೇಕು. ಕಪ್ಪು ಚೌಕದ ಹೊದಿಕೆಯೊಳಗೆ ಹಪ್ಪಳದಂಥ ಒಂದು ತೆಳು ತಟ್ಟೆ. ಹೊದಿಕೆಯಲ್ಲಿ ಉದ್ದನೆಯ ಒಂದು ಕಿಂಡಿ. ಯಂತ್ರ ಓದುವುದೂ ಬರೆಯುವುದೂ ಆ ಕಿಂಡಿಯ ಮೂಲಕವೇ. "ಈ ಕಿಂಡಿಗೆ ಬೆರಳು ತಾಗಿಸಿದರೆ ನನ್ನ ಕಣ್ಣಿಗೆ ಬೆರಳು ಹಾಕಿದ ಹಾಗೆ ಅಂತ ತಿಳ್ಕೊ ಮಾರಾಯ" ಎಂದು ಟೀಚರ್ ನನಗೆ ದಿನಕ್ಕೊಮ್ಮೆ ಹೇಳುತ್ತಿದ್ದರು. ಆದ್ದರಿಂದ ನನಗೆ ಗೊತ್ತಿರಲಿಲ್ಲ ಎಂದು ಇವತ್ತು ನಾನು ತಪ್ಪಿಸಿಕೊಳ್ಳುವ ಹಾಗಿಲ್ಲ.

ಎಂಬತ್ತರ ದಶಕದಲ್ಲಿ ಕಾರ್ಕಳದ ಸಣ್ಣದೊಂದು ಧರ್ಮಾಸ್ಪತ್ರೆಯಲ್ಲಿ ನಾನು ಟೈಪಿಸ್ಟ್ ಆಗಿದ್ದೆ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಟೀಚರ್ ಹಿರಿಯಡ್ಕದವರು, ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಆ ವಯಸ್ಸಿನಲ್ಲಿ ದಿನಾ ಬಸ್ಸು ಹತ್ತಿ ಮಣಿಪಾಲದ ಸಂಜೆ ತರಗತಿಗೆ ಹೋಗಿ ಕಂಪ್ಯೂಟರ್ ಕಲಿತರು. ದುಬೈಯಲ್ಲಿ ದುಡಿಯುತ್ತಿದ್ದ ಬೆಳ್ಮಣ್ಣಿನ ಗೃಹಸ್ಥರೊಬ್ಬರು ನಮ್ಮ ಆಸ್ಪತ್ರೆಗೆ ಹಳೆಯ ಯಂತ್ರವೊಂದನ್ನು ದಾನ ಕೊಟ್ಟಾಗ, ಅದನ್ನು ನಡೆಸಲು ಬಂದವರು ಇವರು. ಸಂಬಳವಿಲ್ಲ.

ಆ ಯಂತ್ರಕ್ಕೆ ಅವರೇ ಒಂದು ಪ್ರೋಗ್ರಾಮು ಬರೆದರು. ರಕ್ತದ ಗುಂಪು ಒತ್ತಿದರೆ, ಆ ಗುಂಪಿನ ರಕ್ತ ಕೊಡಬಲ್ಲವರ ಹೆಸರು, ಊರು, ಮನೆಗೆ ಹೋಗುವ ದಾರಿ ಪರದೆಯ ಮೇಲೆ ಬರುತ್ತಿತ್ತು. ಆ ಹೆಸರುಗಳು ಆಕಾಶದಿಂದ ಉದುರಿದ್ದಲ್ಲ. ಭಾನುವಾರ ಬಂದರೆ ಟೀಚರ್ ಬೆಳ್ಮಣ್ಣಿಗೋ ಕಾಪುವಿಗೋ ಹೊರಟುಬಿಡುತ್ತಿದ್ದರು. ಕಾಪುವಿನ ಕಡಲ ದಂಡೆಯಲ್ಲಿ ಬಲೆ ನೇಯುವವರ ನಡುವೆ ಕೂತು ಒಬ್ಬೊಬ್ಬರನ್ನೇ ಒಪ್ಪಿಸುತ್ತಿದ್ದರು. ಏಕಾದಶಿ ತಪ್ಪಿಸದ, ಈರುಳ್ಳಿ ಮುಟ್ಟದ ಹೆಂಗಸು. ಒಮ್ಮೆ ಜೊತೆಗೆ ಹೋಗಿದ್ದ ನಾನು ಒಣಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡೆ. ಅವರ ಮಚ್ಚೆ ಇದ್ದಲ್ಲೇ ಇತ್ತು.

ಎರಡು ವರ್ಷ ಹೀಗೆ ನಡೆಯಿತು. ಆಮೇಲೆ ನಮ್ಮ ಮೆನೇಜರು ಹೊಸ ಕಂಪ್ಯೂಟರ್ ತರಿಸಿದರು. ರಿಬ್ಬನ್ ಕತ್ತರಿಸಿದ್ದಾಯಿತು, ಕೇಸರಿಬಾತ್ ಹಂಚಿದ್ದಾಯಿತು, ಹಳೆಯ ಯಂತ್ರವನ್ನು ಗುಜರಿಗೆ ಕೊಡುವುದೆಂದೂ ಆಯಿತು. ಆಗ ಕಂಪ್ಯೂಟರ್ ಮಾರಿದವನು ಮೆಲ್ಲಗೆ ಬಾಯಿಬಿಟ್ಟ. ಹೊಸದರ ಆಪರೇಟಿಂಗ್ ಸಿಸ್ಟಂ ಬೇರೆ, ಹಳೆಯ ಪ್ರೋಗ್ರಾಮು ಇದರಲ್ಲಿ ಓಡುವುದಿಲ್ಲ, ಬೇಕಾದರೆ ತನ್ನಲ್ಲಿ ಬೇರೆ ಪ್ರೋಗ್ರಾಮು ಉಂಟು ಎಂದ.

"ಹಾಗಾದರೆ ಹಳೆಯದ್ದನ್ನು ಬಿಟ್ಟುಬಿಡುವ ಟೀಚರ್" ಎಂದರು ಮೆನೇಜರು.

ಮಚ್ಚೆ ಮಾಯವಾಯಿತು. "ಬಾಡಿಗೆಮನೆ ಬದಲಿಸಿದ್ರೆ ಅಜ್ಜಿಯನ್ನು ಬೀದಿಯಲ್ಲಿ ಬಿಟ್ಟು ಹೋಗ್ತಾರಾ? ನನಗೆ ಸ್ವಲ್ಪ ಸಮಯ ಕೊಡಿ. ಅಲ್ಲಿವರೆಗೆ ಆ ಹಳೇ ಯಂತ್ರವನ್ನು ಯಾರೂ ಮುಟ್ಟಬೇಡಿ."

ನಾಲ್ಕು ತಿಂಗಳು ಹಿಡಿಯಿತು. ಹಳೆಯ ಯಂತ್ರಕ್ಕೆ ಅರ್ಥವಾಗುವ ಇನ್ನೂರಕ್ಕೂ ಮಿಕ್ಕಿದ ಅಪ್ಪಣೆಗಳನ್ನು ನೋಟುಪುಸ್ತಕದ ಎಡಬದಿಯಲ್ಲಿ ಬರೆದರು. ಒಂದೊಂದಕ್ಕೂ ಹೊಸ ಯಂತ್ರ ಏನು ಮಾಡಬೇಕೆಂದು ಬಲಬದಿಯಲ್ಲಿ ಬರೆಯುತ್ತ ಹೋದರು. ಎಂತ ಮಾಡುತ್ತಿದ್ದೀರಿ ಎಂದು ನಾನು ಕೇಳಿದ್ದಕ್ಕೆ ಪೆನ್ಸಿಲ್ ಕೆಳಗಿಟ್ಟು ಹೇಳಿದರು: "ಉಡುಪಿ ಕೋರ್ಟಿಗೆ ಹೋಗಿದ್ದೀಯಾ? ಸಾಕ್ಷಿಗೆ ತುಳು ಬಿಟ್ರೆ ಬೇರೆ ಬರುದಿಲ್ಲ. ಘಟ್ಟದ ಮೇಲಿಂದ ಬಂದ ಜಡ್ಜಿಗೆ ತುಳು ಬರುದಿಲ್ಲ. ನಡುವೆ ಒಬ್ಬ ನಿಂತು ಇವನದ್ದು ಅವನಿಗೆ, ಅವನದ್ದು ಇವನಿಗೆ ಹೇಳ್ತಾನೆ. ಕನ್ನಡ ಕಲಿತು ಬಾ ಅಂತ ಸಾಕ್ಷಿಯನ್ನು ಮನೆಗೆ ಅಟ್ತಾರಾ? ನಾನು ಆ ನಡುವಿನವನನ್ನು ತಯಾರು ಮಾಡ್ತಾ ಇದ್ದೇನೆ."

ತಯಾರಾದ ಮೇಲೆ ಎರಡು ಯಂತ್ರಗಳ ನಡುವೆ ತಂತಿ ಎಳೆದು, ಪ್ರೋಗ್ರಾಮನ್ನೂ ಹೆಸರುಗಳನ್ನೂ ಹೊಸ ಫ್ಲಾಪಿಗಳಿಗೆ ಇಳಿಸಿದರು. ಒಂದು ಬೆಳಿಗ್ಗೆ ಹೊಸ ಪರದೆಯ ಮೇಲೆ ನಮ್ಮ ಹಳೆಯ ಪಟ್ಟಿ ಬಂತು. ಒಂದೊಂದು ಹೆಸರೂ ತಡವರಿಸಿಕೊಂಡು ಬರುತ್ತಿತ್ತು.

"ಎತ್ತಿನ ಗಾಡಿಯ ಹಾಗೆ ಉಂಟಲ್ಲ ಟೀಚರ್" ಎಂದು ಮೆನೇಜರು ನಕ್ಕರು.

"ನಡುವೆ ದುಭಾಷಿ ಇದ್ರೆ ಮಾತು ನಿಧಾನವೇ. ಆದರೆ ರಕ್ತ ಸಿಗ್ತದೆ."

ಇದು ಓಡುವುದೇ ಇಲ್ಲವೆಂದು ಆಡಳಿತ ಮಂಡಳಿಗೆ ಹೇಳಿ ಕೂತಿದ್ದ ಮೆನೇಜರು ಅಷ್ಟಕ್ಕೇ ಎದ್ದು ತಮ್ಮ ಕೋಣೆಗೆ ಹೋದರು. ಹಳೆಯ ಯಂತ್ರ ತನ್ನ ಹಳೆಯ ಫ್ಲಾಪಿಗಳ ಸಮೇತ ಆ ವಾರವೇ ಗುಜರಿಗೆ ಹೋಯಿತು.

ಮುಂದಿನದ್ದು ಆಯುಧಪೂಜೆಯ ದಿನ. ಟೀಚರ್ ಇರಲಿಲ್ಲ. ಮೆನೇಜರು ಪಟ್ಟೆಮಡಿ ಉಟ್ಟು, ಟೈಪ್‌ರೈಟರಿನಿಂದ ಹಿಡಿದು ಆಂಬ್ಯುಲೆನ್ಸಿನವರೆಗೆ ಎಲ್ಲದಕ್ಕೂ ಗಂಧ ಕುಂಕುಮ ಹಚ್ಚುತ್ತ ಬಂದರು. ತಟ್ಟೆ ಹಿಡಿದು ಹಿಂದೆ ನಡೆದವನು ನಾನು. ಕಂಪ್ಯೂಟರಿಗೆ ಹಚ್ಚಿದರು. ಆಮೇಲೆ ಫ್ಲಾಪಿಯ ಪೆಟ್ಟಿಗೆ ತೆರೆದರು. ಎಲ್ಲಿ ಹಚ್ಚುವುದೆಂದು ತಿರುಗಿಸಿ ನೋಡಿದರು. ಕಿಂಡಿ ಹಣೆಯಂತೆ ಕಂಡಿತೋ ಏನೋ, ಒದ್ದೆ ಗಂಧವನ್ನು ಅಲ್ಲಿಗೇ ಒತ್ತಿ, ಮೇಲೊಂದು ಚಿಟಿಕೆ ಕುಂಕುಮ ಇಟ್ಟು, ಉಳಿದವಕ್ಕೂ ಹಾಗೆಯೇ ಮಾಡತೊಡಗಿದರು. ನನ್ನ ಬಾಯಲ್ಲಿ ಮಾತು ಬಂದಿತ್ತು. ಮಂಡಳಿಯವರಿಬ್ಬರು ಕೈಮುಗಿದು ನಿಂತಿದ್ದರು. ನಾನು ತಟ್ಟೆಯನ್ನು ಇನ್ನಷ್ಟು ಹತ್ತಿರ ಹಿಡಿದೆ.

"ಕಪಾಟಿನಲ್ಲಿ ಇನ್ನೊಂದು ಪೆಟ್ಟಿಗೆ ಉಂಟಲ್ಲ, ಅದನ್ನೂ ತಾ. ಒಂದಕ್ಕೆ ಮಾಡಿ ಒಂದಕ್ಕೆ ಬಿಟ್ರೆ ಆಗುದಿಲ್ಲ."

ಅದು ಟೀಚರ್ ಜೋಪಾನವಾಗಿ ಎತ್ತಿಟ್ಟಿದ್ದ ನಕಲುಗಳ ಪೆಟ್ಟಿಗೆ. ಕೀಲಿಕೈ ನನ್ನ ಬಳಿ ಇತ್ತು. ತಂದುಕೊಟ್ಟೆ.

ಹಬ್ಬ ಮುಗಿಸಿ ಬಂದ ಟೀಚರ್ ಫ್ಲಾಪಿ ಎತ್ತಿ ಬೆಳಕಿಗೆ ಹಿಡಿದರು. "ಪೂಜೆ ಮಾಡಿದ್ದು, ಅದರಲ್ಲಿ ತಪ್ಪೆಂತ?" ಎಂದರು ಮೆನೇಜರು.

"ದೇವರು ಕೇಳಿದ್ನಾ ಇದನ್ನು? ಹಾರ್ಮೋನಿಯಂ ಒಳಗೆ ಪಂಚಾಮೃತ ಹೊಯ್ತೀರಾ ನೀವು?"

ಅಷ್ಟೇ ಹೇಳಿ ಬ್ಲೇಡು ಕೇಳಿದರು. ಫ್ಲಾಪಿಗಳ ಹೊದಿಕೆ ಸೀಳಿ, ಒಳಗಿನ ತಟ್ಟೆಗಳನ್ನು ಹೊರತೆಗೆದು, ಹಿತ್ತಲಿನ ನಲ್ಲಿಯಡಿ ಸಾಬೂನು ನೀರಿನಲ್ಲಿ ಎಳೆಮಗುವನ್ನು ಮೀಯಿಸುವಂತೆ ತೊಳೆದರು. ನರ್ಸುಗಳೆಲ್ಲ ಕೆಲಸ ಬಿಟ್ಟು ನೋಡಲು ಬಂದರು. ಬಿಳಿ ಬಟ್ಟೆಯ ಮೇಲೆ ಆರಿಸಿ, ಹೊಸ ಫ್ಲಾಪಿಗಳ ಹೊದಿಕೆಯೊಳಗೆ ತೂರಿಸಿ, ಒಂದೊಂದಾಗಿ ಯಂತ್ರಕ್ಕೆ ಕೊಟ್ಟರು. ಪ್ರೋಗ್ರಾಮು ಬಂತು. ಬೆಳ್ಮಣ್ಣಿನ ಪಟ್ಟಿ ಬಂತು, ಹಿರಿಯಡ್ಕದ್ದು ಬಂತು. ಕಾಪುವಿನದ್ದು ಮಾತ್ರ ಬರಲಿಲ್ಲ. ಅದರ ಎರಡು ಪ್ರತಿಗಳ ಮೇಲೂ ಗಂಧ ಒಣಗಿ ಗೀರು ಬಿದ್ದಿತ್ತು.

ಆ ಸಂಜೆ ಮೆನೇಜರು ನನ್ನನ್ನು ಕರೆದು ಮಂಡಳಿಗೊಂದು ವರದಿ ಟೈಪ್ ಮಾಡಿಸಿದರು. ಬೇರೆ ಸಿಸ್ಟಂನ ಪ್ರೋಗ್ರಾಮನ್ನು ಬಲವಂತವಾಗಿ ಓಡಿಸಿದ್ದರಿಂದ ಫ್ಲಾಪಿಗಳು ಕೆಟ್ಟವು, ಇದನ್ನು ಕಣ್ಣಾರೆ ಕಂಡವರು ಕೆಳಗೆ ಸಹಿ ಮಾಡಿದ್ದಾರೆ ಎಂದಿತ್ತು. "ಈ ತಿಂಗಳು ನಿನ್ನದು ಖಾಯಂ ಆಗುದಲ್ವಾ?" ಎಂದು ಪೆನ್ನು ಮುಂದೆ ಹಿಡಿದರು. ಸಹಿ ಹಾಕಿದೆ. ಆ ಪೆನ್ನಿನ ಕ್ಯಾಪು ಹಾಕಿ ಎರಡೂ ಕೈಯಲ್ಲಿ ಹಿಂದಿರುಗಿಸಿದೆ ಕೂಡ. ಆ ವಿನಯ ನೆನಪಾದಾಗಲೆಲ್ಲ ನನಗೆ ನನ್ನ ಮೇಲೆ ಹೇಸಿಗೆ ಹುಟ್ಟುತ್ತದೆ.

ಮಂಡಳಿಯವರು ಆ ಕಾಗದವನ್ನು ಟೀಚರಿಗೆ ತೋರಿಸಿ, ಇನ್ನು ತಾವು ವಿಶ್ರಾಂತಿ ತೆಗೆದುಕೊಳ್ಳಬಹುದು ಎಂದರು. ಮರುದಿನ ಟೀಚರ್ ನೇರ ನನ್ನ ಮೇಜಿಗೆ ಬಂದರು. ಬೈಯುತ್ತಾರೆಂದು ತಲೆ ತಗ್ಗಿಸಿ ಕೂತೆ.

"ಸಹಿ ಹಾಕ್ಲಿಕ್ಕೆ ನಿನಗೆ ಬರ್ತದೆ ಅಂತ ಗೊತ್ತಾಯ್ತು. ಇನ್ನು ಇದನ್ನು ಓಡಿಸ್ಲಿಕ್ಕೆ ಕಲಿ. ಏಳು."

ಮೂರು ದಿನ ಪಕ್ಕದಲ್ಲಿ ಕೂತು ಕಲಿಸಿದರು. ಆ ಮೂರು ದಿನವೂ ಮೂಗು ಸುಕ್ಕುಗಟ್ಟಿಯೇ ಇತ್ತು. ಯಾರನ್ನು ಕಂಡು ಹಾಗೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಆಮೇಲೆ ಅವರು ಆಸ್ಪತ್ರೆಯ ಮೆಟ್ಟಿಲು ಹತ್ತಲಿಲ್ಲ. ಮಾರಿದವನ ಪ್ರೋಗ್ರಾಮಿಗೆ ದುಡ್ಡು ಬಿಚ್ಚಲು ಮಂಡಳಿ ಒಪ್ಪದೆ, ಟೀಚರದ್ದೇ ಓಡುತ್ತ ಉಳಿಯಿತು. ತಿಂಗಳಿಗೊಂದರಂತೆ ನನ್ನ ಹೆಸರಿಗೆ ಇನ್ಲ್ಯಾಂಡ್ ಲೆಟರ್ ಬರುತ್ತಿತ್ತು. ಒಳಗೆ ಕಾಪುವಿನವರ ಹೆಸರು, ರಕ್ತದ ಗುಂಪು, ಮನೆಗೆ ಹೋಗುವ ದಾರಿ. ಕ್ಷೇಮ ಸಮಾಚಾರ ಒಂದಕ್ಷರವೂ ಇಲ್ಲ. ಕಳೆದುಹೋದ ಪಟ್ಟಿಯನ್ನು ಆ ಮುದುಕಿ ಬಿಸಿಲಲ್ಲಿ ದಂಡೆ ತಿರುಗಿ ಮತ್ತೆ ಕೂಡಿಸುತ್ತಿದ್ದರು. ನಾನು ನೆರಳಲ್ಲಿ, ಫ್ಯಾನಿನಡಿ ಕೂತು ಅದನ್ನು ಟೈಪ್ ಮಾಡುತ್ತಿದ್ದೆ. ರಕ್ತ ಸಿಕ್ಕಿ ಬದುಕಿದವರ ಮನೆಯವರು ಬಂದು ನನಗೆ ಕೈಮುಗಿಯುತ್ತಿದ್ದರು. ಇದು ನನ್ನದಲ್ಲ ಎಂದು ಒಬ್ಬರಿಗೂ ನಾನು ಹೇಳಲಿಲ್ಲ.

ಒಂದು ತಿಂಗಳು ಕಾಗದ ಬರಲಿಲ್ಲ. ಅದರ ಮುಂದಿನ ತಿಂಗಳು, ಟೀಚರ್ ಹೋದರಂತೆ ಎಂಬ ಸುದ್ದಿ ಬಂತು. ಹಿರಿಯಡ್ಕದ ಶಾಲೆಯಲ್ಲಿ ಸಂತಾಪ ಸಭೆ. ಮೆನೇಜರು ಎದ್ದು ನಿಂತು, ಅವರು ನಮ್ಮ ಆಸ್ಪತ್ರೆಯ ಆಸ್ತಿಯಾಗಿದ್ದರು ಎಂದು ಕಣ್ಣೊರೆಸಿಕೊಂಡರು. ನನ್ನ ಸರದಿ ಬಂದಾಗ ನಾನೂ ಎದ್ದೆ. ತುಂಬ ಶಿಸ್ತಿನವರು, ನನಗೆ ವಿದ್ಯೆ ಕೊಟ್ಟವರು ಎಂದಷ್ಟೇ ಹೇಳಿ ಕೂತುಬಿಟ್ಟೆ.

ಅಲ್ಲಿ ಹೇಳದೆ ಉಳಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಟೀಚರ ಪ್ರೋಗ್ರಾಮಿನಲ್ಲಿ ಯಾವ ದೋಷವೂ ಇರಲಿಲ್ಲ. ಆ ವರದಿ ಸುಳ್ಳು. ಅದರ ಕೆಳಗಿನ ಸಹಿ ನನ್ನದು.