ಕೈಮಗ್ಗ ಅಂದವನು ನಾನೇ

ಮೊದಲಿಗೇ ಹೇಳಿಬಿಡುತ್ತೇನೆ, ಆಮೇಲೆ ನೀವಾಗಿ ಕಂಡುಹಿಡಿದು ಬೈಯುವುದು ಬೇಡ. ‘ಕೈಮಗ್ಗ’ ಎಂಬ ಆ ಸುಳ್ಳನ್ನು ಹೇಳಿದವನು ನಾನೇ. ಅದನ್ನೂ ಸ್ವಂತ ದನಿಯಲ್ಲಿ ಹೇಳಲಿಲ್ಲ, ನನ್ನ ಅಜ್ಜನ ದನಿಯಲ್ಲಿ ಹೇಳಿದೆ. ಸುಳ್ಳು ಹೇಳುವುದಕ್ಕೂ ಇನ್ನೊಬ್ಬರ ಗಂಟಲು ಕಡ ತರುವ ಮನುಷ್ಯ ನಾನು.

ನಮ್ಮದು ಇಬ್ಬರ ಜೋಡಿ. ನಾನು ಜಮಖಂಡಿಯವನು, ಪೂಜೆ ಪುನಸ್ಕಾರದ ಮನೆತನ. ಮನೆಯಲ್ಲಿ ಅರ್ಧ ಕನ್ನಡ, ಅರ್ಧ ಮರಾಠಿ, ನನ್ನನ್ನು ಬೈಯುವಾಗ ಎರಡೂ ಸಾಲುವುದಿಲ್ಲ. ಗೆಳೆಯ ಬನಹಟ್ಟಿಯವನು, ನೇಕಾರರ ಮನೆಯ ಹುಡುಗ. ಮನೆಯ ಹಿಂದಿನ ಶೆಡ್ಡಿನಲ್ಲಿ ಪವರ್‌ಲೂಮ್‌ಗಳು, ಅಂದರೆ ಕರೆಂಟಿನ ಮಗ್ಗಗಳು, ಬೆಳಗಾಗುವುದರೊಳಗೆ ಖಟಾಖಟ್ ಶುರು ಮಾಡುತ್ತವೆ. ಇಬ್ಬರೂ ಜಮಖಂಡಿಯ ಕಾಲೇಜಿನಲ್ಲಿ ಒಂದೇ ಬೆಂಚಿಗೆ ಬಿದ್ದೆವು. ನಾನು ಮಾಸ್ತರರ ದನಿ, ಬಸ್ ಕಂಡಕ್ಟರನ ದನಿ, ಕೋರ್ಟಿನ ಮುಂದೆ ಕೂತು ಅರ್ಜಿ ಬರೆಯುವವರ ದನಿ ತೆಗೆದು ಮಂದಿಯನ್ನು ನಗಿಸುತ್ತಿದ್ದೆ. ಇಡೀ ಬೆಂಚು ನಕ್ಕರೂ ಅವನು ನಗುತ್ತಿರಲಿಲ್ಲ. ಒಂದು ದಿನ ಮಾತ್ರ ಬಾಯಿ ಬಿಟ್ಟ.

“ಎಲ್ಲಾರ್ದೂ ತಗೀತಿ. ನಮ್ಮ ಮಗ್ಗದ್ದು ತಗದ ತೋರಸು, ನೋಡೂಣು.”

ತೆಗೆದೆ. ಎಮ್ಮೆ ಕೆಮ್ಮಿದ ಹಾಗೆ ಬಂತು. ಆಗ ಅವನು ನಕ್ಕ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ. ಮರುದಿನ ಫೋನಿನಲ್ಲಿ ಮಗ್ಗದ ಸದ್ದು ತುಂಬಿಕೊಂಡು ಬಂದ. “ನಿನ್ನ ಬಾಯಾಗ ಹಿಡಿಯಂಗಿಲ್ಲ. ಇದರಾಗ ಹಿಡೀತೀನಿ,” ಅಂದ.

ಹಾಗೆ ಶುರುವಾಯಿತು ನಮ್ಮ ಸಂಗೀತ. ಯಾರೋ ಬಳಸಿ ಬಿಟ್ಟ ಲ್ಯಾಪ್‌ಟಾಪಿನಲ್ಲಿ ಅವನು ಮಗ್ಗವನ್ನು ಚೂರುಚೂರು ಮಾಡುತ್ತಾನೆ. ನೂಲು ಹೊತ್ತ ಲಾಳಿ ಆ ತುದಿಯಿಂದ ಈ ತುದಿಗೆ ಹಾರಿ ಬಡಿಯುವ ಸದ್ದನ್ನು ಉದ್ದಕ್ಕೆ ಎಳೆದರೆ ಆನೆ ನಿಟ್ಟುಸಿರು ಬಿಟ್ಟ ಹಾಗಿರುತ್ತದೆ, ಸಣ್ಣಗೆ ಕತ್ತರಿಸಿದರೆ ಗೆಜ್ಜೆಯಾಗುತ್ತದೆ. ನಡುವೆ ನನ್ನ ಗಂಟಲು. ನನಗೆ ಮಾತು ಆಡಲು ಅಪ್ಪಣೆಯಿಲ್ಲ. ಕಂಡಕ್ಟರನ ‘ರೈಟ್’ನಲ್ಲಿ ‘ಟ’ ಒಂದನ್ನೇ ಇಟ್ಟುಕೊಂಡು ಉಳಿದದ್ದನ್ನು ಎಸೆಯುತ್ತಾನೆ. ಅಜ್ಜನ ಮಂತ್ರದಲ್ಲಿ ಉಸಿರು ಎಳೆದುಕೊಳ್ಳುವ ಜಾಗ ಮಾತ್ರ ಬೇಕು ಅವನಿಗೆ. ಬಾಯಿಬಡಕನನ್ನು ಜೋಡಿಗೆ ಸೇರಿಸಿಕೊಂಡು ಅವನ ಬಾಯಿಂದ ಮಾತನ್ನೇ ಕಿತ್ತುಹಾಕಿದ. ನಮ್ಮ ಮನೆಯವರು ಇಷ್ಟು ವರ್ಷ ಪ್ರಯತ್ನಿಸಿಯೂ ಆಗದ ಕೆಲಸ ಅದು.

ಊರ ಮಂದಿ ಇದಕ್ಕೆ ‘ರಿಪೇರಿ ಹಾಡು’ ಎಂದು ಹೆಸರಿಟ್ಟರು. ಅಜ್ಜ ಒಂದು ದಿನ ಕೋಣೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, “ಏನಪಾ, ಸಂಧ್ಯಾವಂದನಿ ಬಿಟ್ಟು ಮಗ್ಗದ ವಂದನಿ ಹಿಡದೀಯಲ್ಲ,” ಅಂದರು. ಅದನ್ನು ಅವರದೇ ದನಿಯಲ್ಲಿ ಅವರಿಗೇ ತಿರುಗಿ ಹೇಳಿದೆ. ಆ ದಿನ ಊಟ ತಡವಾಗಿ ಸಿಕ್ಕಿತು.

ಮುಧೋಳದಲ್ಲಿ ಒಂದು ಮದುವೆಯ ಆರತಕ್ಷತೆಗೆ ನಮ್ಮನ್ನು ಕರೆದರು. ಡಿಜೆ ಎಂದು ತಿಳಿದು ಕರೆದಿದ್ದರು, ಪಾಪ. ನಾವು ಹತ್ತು ನಿಮಿಷ ನುಡಿಸಿದ ಮೇಲೆ ಮದುಮಗಳ ಸೋದರಮಾವ ವೇದಿಕೆಗೆ ಬಂದು ಬಹಳ ಪ್ರೀತಿಯಿಂದ ಕೇಳಿದರು.

“ತಮ್ಮಾ, ಟೆಸ್ಟಿಂಗ್ ಮುಗೀತಿಲ್ಲೋ? ಹಾಡ ಹಚ್ರಿ ಇನ್ನ.”

“ಇದ ಹಾಡ್ರೀ, ಕಾಕಾ,” ಅಂದ ಗೆಳೆಯ.

“ಇದ ಹಾಡಂದ್ರ ನಮ್ಮ ಹಿಟ್ಟಿನ ಗಿರಣಿ ದಿನಾ ಕಚೇರಿ ಮಾಡತೈತಿ ಬಿಡ.”

“ಮಾಡತೈತ್ರೀ. ನೀವs ಕಿವಿಗೊಡವಲ್ರಿ.”

ಆ ಸಭೆಯಲ್ಲಿ ಕೊನೆಯವರೆಗೂ ಅಲುಗದೆ ಕೇಳಿದ್ದು ಆ ಮನೆಯ ಬೇಟೆ ನಾಯಿ ಒಂದೇ. ಬಡಕಲು ಹೊಟ್ಟೆ, ಉದ್ದ ಮೂತಿ, ಗತ್ತು ನೋಡಿದರೆ ನಾನೇ ಎದ್ದು ನಮಸ್ಕಾರ ಮಾಡಬೇಕು ಅನಿಸಿತು.

ಬೀಳಗಿಯಲ್ಲಿ ಮೊಬೈಲ್ ಅಂಗಡಿಯ ಉದ್ಘಾಟನೆಗೆ ಹೋದೆವು. ಮಾಲಕರು ಒಳ್ಳೆಯವರು, ಮಿರ್ಚಿ ಭಜಿ ತಿನ್ನಿಸಿದರು, ಆಮೇಲೆ “ನಿಮ್ಮದ ಇರಲಿ, ಅದರ ಮ್ಯಾಲ ಒಂದೀಟ ಡಿಜೆ ಬೀಟ್ ಕೂಡಸ್ರಿ,” ಅಂದರು. ಗೆಳೆಯ ವೈರು ಸುತ್ತತೊಡಗಿದ. ನಾನಾದರೆ ಭಜಿಯ ಮರ್ಯಾದೆಗಾದರೂ ಕೂಡಿಸಿಬಿಡುತ್ತಿದ್ದೆ. ಬಸ್ಸಿನಲ್ಲಿ ಇದನ್ನೇ ಹೇಳಿದೆ. ಅವನು ಕಿಟಕಿಯ ಕಡೆ ನೋಡುತ್ತಲೇ, “ನೀ ಭಜಿಗೆ ಮಾರಕೊಳ್ಳು. ಮಗ್ಗ ನಂದು,” ಅಂದ.

ರನ್ನ ಬೆಳಗಲಿಯ ಟ್ರ್ಯಾಕ್ಟರ್ ಡ್ರೈವರ್ ಒಬ್ಬ ಮಾತ್ರ ನಮ್ಮ ತುಣುಕೊಂದನ್ನು ಫೋನಿಗೆ ಹಾಕಿಸಿಕೊಂಡು, ಕಬ್ಬಿನ ಗಾಡಿಯ ದೊಡ್ಡ ಸ್ಪೀಕರಿನಲ್ಲಿ ಹಚ್ಚಿಕೊಂಡು ಕಾರ್ಖಾನೆಯ ದಾರಿ ಹಿಡಿದ. ದಾರಿಯುದ್ದಕ್ಕೂ ಜನ ಕೈ ಅಡ್ಡ ಹಾಕಿ, “ನಿಂದ್ರಸಲೇ, ಗೇರ್‌ಬಾಕ್ಸ್ ಹೋಗೇತಿ!” ಅಂದರಂತೆ. ಅವನು ಸ್ಪೀಕರು ಇನ್ನೂ ಜೋರು ಮಾಡಿದನಂತೆ. ನಮ್ಮ ಮೊದಲ ಅಭಿಮಾನಿ ಅವನು, ಬಹುಕಾಲ ಒಬ್ಬನೇ ಅಭಿಮಾನಿಯೂ ಅವನೇ.

ನಮ್ಮ ಹಣೆಬರಹ ಬದಲಾದದ್ದು ರಬಕವಿಯಲ್ಲಿ, ಸಮಾಜದ ಒಂದು ಸಭಾಭವನದಲ್ಲಿ. ಬಂದವರೆಲ್ಲ ನೇಕಾರರ ಓಣಿಯವರು. ನಮ್ಮ ತುಣುಕಿನ ನಡುವೆ ಒಂದು ಕಡೆ ಮಗ್ಗಗಳೆಲ್ಲ ಒಟ್ಟಿಗೆ ನಿಂತು ಪೂರ್ತಿ ಸದ್ದಿಲ್ಲದಾಗುತ್ತದೆ. ಗೆಳೆಯ ತಿಂಗಳುಗಟ್ಟಲೆ ತಿದ್ದಿ ಮಾಡಿದ ನಿಶ್ಶಬ್ದ ಅದು. ಅದು ಬಂದದ್ದೇ ತಡ, ಮಂದಿಯೆಲ್ಲ “ಹೋತು ನೋಡ ಕರೆಂಟ್!” ಎಂದು ಎದ್ದರು. ಒಬ್ಬರು ಟವಲಿನಿಂದ ಗಾಳಿ ಹಾಕಿಕೊಳ್ಳತೊಡಗಿದರು. ನಾಲ್ಕೈದು ಜನ ಹೊರಗೆ ಕಟ್ಟೆಗೆ ಹೋಗಿ ಎಲಿ ಅಡಿಕಿ ಬಿಚ್ಚಿದರು. ಒಂದು ಕೂಸು ಎಚ್ಚರಾಗಿ ಅಳತೊಡಗಿತು, ಈ ಓಣಿಯ ಕೂಸುಗಳು ಸದ್ದಿದ್ದರೆ ಮಲಗುತ್ತವೆ, ಸದ್ದು ನಿಂತರೆ ಏಳುತ್ತವೆ. ತಲೆಯ ಮೇಲೆ ಟ್ಯೂಬ್‌ಲೈಟು ಉರಿಯುತ್ತಿತ್ತು, ಫ್ಯಾನು ಗರಗರ ತಿರುಗುತ್ತಿತ್ತು. ಯಾರೂ ಮೇಲೆ ನೋಡಲಿಲ್ಲ. ಮಗ್ಗ ನಿಂತಿತೆಂದರೆ ಕರೆಂಟು ಹೋಯಿತು, ಅಷ್ಟೇ.

ನಾನು ಮೈಕಿನಲ್ಲಿ ಕೂಗಿ ಅವರನ್ನು ಕರೆಯಲು ಹೋದೆ. ಗೆಳೆಯ ನನ್ನ ಕೈ ಹಿಡಿದ. ಅವನ ಮುಖ ಹೊಳೆಯುತ್ತಿತ್ತು.

“ಸುಮ್ನಿರಲೇ. ಲೈಟ್ ಉರಿಯಾಕತ್ರೂ ಕರೆಂಟ್ ಹೋಗೇತಿ ಅಂದ್ರು. ಇದಕಿಂತ ಛಲೋ ಯಾರ ಕೇಳ್ತಾರ ನಮ್ಮನ್ನ?”

ಯಾರೋ ಅದನ್ನೆಲ್ಲ ಫೋನಿನಲ್ಲಿ ಹಿಡಿದಿದ್ದರು. ಅದು ಅವರಿವರ ಕೈ ದಾಟಿ ಬೆಂಗಳೂರು ಮುಟ್ಟಿತು. ಅಲ್ಲಿ ಹೊಸ ಬಗೆಯ ಸಂಗೀತದ ಕಾರ್ಯಕ್ರಮ ನಡೆಸುವ ಮಹಿಳೆಯೊಬ್ಬರು ನನ್ನ ನಂಬರಿಗೆ ಫೋನು ಮಾಡಿದರು.

ಈಗ ನನ್ನ ಮೂರ್ಖತನಕ್ಕೆ ಬರುತ್ತೇನೆ. ದೊಡ್ಡ ಕಲಾವಿದರಿಗೆ ಮ್ಯಾನೇಜರ್ ಇರುತ್ತಾರೆ ಎಂದು ಎಲ್ಲೋ ಕೇಳಿದ್ದೆ. ಹಾಗಾಗಿ ಹೊರಗಿನ ಕರೆ ಬಂದರೆ ನಾನೇ ಅಜ್ಜನ ದನಿ ತೆಗೆದು ಮ್ಯಾನೇಜರ್ ಆಗುತ್ತಿದ್ದೆ. ಅವತ್ತೂ ಆದೆ.

“ನಮಸ್ಕಾರ ಸಾರ್, ನೀವು ಆ ಹುಡುಗರ ಮ್ಯಾನೇಜರಾ?”

“ಹೂಂನ್ರಿ, ನಾವs. ಹೇಳ್ರಿ.”

“ಅವರು ಬಳಸೋದು ಕೈಮಗ್ಗದ ಶಬ್ದ ಅಲ್ವಾ ಸಾರ್? ತುಂಬಾ ಚೆನ್ನಾಗಿದೆ.”

ಅಲ್ಲ ಎನ್ನಬೇಕಿತ್ತು. ಆದರೆ ಅಜ್ಜನ ದನಿಯಲ್ಲಿ ‘ಅಲ್ಲ’ ಎಂಬ ಶಬ್ದ ಹೊರಡುವುದೇ ಇಲ್ಲ. ಭಕ್ತರು ಏನು ಕೇಳಿದರೂ ‘ಆಗ್ತದ, ಆಗ್ತದ’ ಎನ್ನುವ ಗಂಟಲು ಅದು. “ಹೌದ್ರಿ, ಕೈಮಗ್ಗನs. ತಲತಲಾಂತರದ ನಾದ ಅದು,” ಅಂದೆ. ನಾದ ಎಂದಾಗ ನನ್ನ ಮೈಮೇಲೆ ನನಗೇ ಮುಳ್ಳೆದ್ದವು.

ಪೋಸ್ಟರು ಬಂತು. ‘ಕೈಮಗ್ಗದ ಉಸಿರು, ಹೊಸ ತಲೆಮಾರಿನ ದನಿ.’ ಬನಹಟ್ಟಿಗೆ ಓಡಿದೆ. ಗೆಳೆಯ ಶೆಡ್ಡಿನಲ್ಲಿದ್ದ. ಮಗ್ಗ ನಡೆಯುವಾಗ ಅಲ್ಲಿ ಯಾರೂ ಕೂಗುವುದಿಲ್ಲ, ದನಿಯಿಲ್ಲದೆ ತುಟಿಯಾಡಿಸಿ, ಕೈಸನ್ನೆ ಮಾಡಿ ಮಾತಾಡುತ್ತಾರೆ. ಫೋನು ತೋರಿಸಿದೆ. ಓದಿದ. ‘ಯಾರು?’ ಎಂದು ತುಟಿಯಲ್ಲೇ ಕೇಳಿದ. ನನ್ನ ಗಂಟಲು ಮುಟ್ಟಿ ತೋರಿಸಿದೆ. ಹೊರಗೆ ನಡೆ ಎಂದು ಸನ್ನೆ ಮಾಡಿದ.

“ಕೈಮಗ್ಗ ಅಂದ್ರ ಏನ ಹೋತಲೇ?” ನಾನೇ ಮೊದಲು ಶುರು ಮಾಡಿದೆ. “ಕೇಳ್ಲಿಕ್ಕೆ ಛಂದ ಅದ.”

“ಛಂದ ಐತಿ, ಖರೆ ಇಲ್ಲ. ನಮ್ಮಪ್ಪ ನಾ ಹುಟ್ಟಿದಾಗಿಂದ ಇದ ಮಗ್ಗದ ಮುಂದ ನಿಂತಾನ. ಅಂವ ಮಾಡಿದ್ದು ಹೇಳಾಕ ನಾಚಿಕಿ ಬರತೈತಿ, ಅದರ ಬದ್ಲಿ ಬ್ಯಾರೆ ಹೆಸರ ಹೇಳ್ತೀವಿ, ಅಂದಂಗಾತು.”

“ಪೋಸ್ಟರ್ ಅಷ್ಟs ಅಲಾ?”

“ಪೋಸ್ಟರ್‌ನ್ಯಾಗ ಕೈಮಗ್ಗ ಇದ್ರ ನಾ ಬರಂಗಿಲ್ಲ. ಬೆಂಗಳೂರಿಗಷ್ಟ ಅಲ್ಲ. ಎಲ್ಲಿಗೂ. ನೀ ಒಬ್ಬನ ಎಮ್ಮಿ ಹಂಗ ಕೆಮ್ಮಕೋತ ಇರು.”

ಅವನು ಹುಸಿ ಬೆದರಿಕೆ ಹಾಕುವವನಲ್ಲ. ಹಾಕುವವನು ನಾನು. “ಫೋನ್ ಮಾಡಿ ಹೇಳ್ತೀನಿ ಬಿಡು,” ಅಂದೆ.

“ಯಾರ ದನ್ಯಾಗ?”

“ನಂದs ದನ್ಯಾಗ.”

“ಐತ್ಯೋ ಇಲ್ಲೋ ಅದು?”

ಇತ್ತು, ಸಣ್ಣಗೆ. ಮಾಡಿದೆ. ಆ ಮಹಿಳೆ ಸಿಟ್ಟಾಗಲಿಲ್ಲ. ಮೊದಲು ನಕ್ಕರು, ಅಜ್ಜನ ದನಿ ಇನ್ನೊಮ್ಮೆ ತೆಗೆಸಿದರು, ಮತ್ತೆ ನಕ್ಕರು, ಆಮೇಲೆ “ಪೋಸ್ಟರ್ ಬದಲಾಯಿಸೋ ಮೊದಲು ನಾನೇ ಬಂದು ನೋಡ್ತೀನಿ,” ಅಂದರು. ಹೇಳಿದಂತೆ ಬನಹಟ್ಟಿಗೆ, ಗೆಳೆಯನ ಮನೆಗೇ ಬಂದರು. ಕಟಕ್ ರೊಟ್ಟಿ, ಕೆಂಪು ಚಟ್ನಿ ಎಲ್ಲ ಉಂಡರು, ಕಣ್ಣಲ್ಲಿ ನೀರು ಬಂದರೂ ಇನ್ನೊಂದು ರೊಟ್ಟಿ ಕೇಳಿದರು. ಬೈದುಕೊಳ್ಳಲು ಅನುಕೂಲವಾಗುವಂಥ ಹೆಂಗಸಾಗಿದ್ದರೆ ಚೆನ್ನಾಗಿತ್ತು. ಅವರು ಹಾಗಿರಲಿಲ್ಲ.

ಊಟವಾದ ಮೇಲೆ ಶೆಡ್ಡಿಗೆ ಹೋದೆವು. ಗೆಳೆಯನ ಅಪ್ಪ ಮಗ್ಗದ ಮುಂದೆ ನಿಂತಿದ್ದರು. ಆಳೆತ್ತರದ ಮನುಷ್ಯ, ಇಸ್ತ್ರಿ ಮುರಿಯದ ಬಿಳಿ ಅಂಗಿ, ತಿರುವಿದ ಮೀಸೆ. ಓಣಿಯಲ್ಲಿ ಯಾರ ಮದುವೆ ಮಾತುಕತೆಯಾದರೂ ಇವರು ಹೋಗಬೇಕು, ಹೋಗಿ ಎಲ್ಲರಿಗಿಂತ ಜೋರಾಗಿ ಮಾತಾಡಬೇಕು. ಜೋರು ಯಾಕೆಂದರೆ ಅವರಿಗೆ ಕಿವಿ ಬಹಳ ಮಂದ. ವರ್ಷಗಟ್ಟಲೆ ಮಗ್ಗ ಬಡಿದು ಬಡಿದು ಆದದ್ದು. ಎದುರಿನವರ ತುಟಿ ನೋಡಿ ಮಾತು ತಿಳಿದುಕೊಳ್ಳುತ್ತಾರೆ. ನನ್ನನ್ನು ಕಂಡರೆ, “ಬಂದ ನೋಡ, ನಕಲಿ ಭಟ್ಟ!” ಎಂದು ಇಡೀ ಓಣಿಗೆ ಕೇಳುವಂತೆ ಸ್ವಾಗತಿಸುತ್ತಾರೆ.

ಅತಿಥಿಗಾಗಿ ಅವರು ಮಗ್ಗಗಳನ್ನು ನಿಲ್ಲಿಸಿದರು. ಆ ಮಹಿಳೆ ಸುತ್ತ ನೋಡಿ, ನಮ್ಮಿಬ್ಬರನ್ನು ಹತ್ತಿರ ಕರೆದು ಮೆಲ್ಲಗೆ ಹೇಳಿದರು. “ನೋಡಿ, ನಿಮ್ಮ ಸಂಗೀತ ಒಂದಿಷ್ಟೂ ಬದಲಾಗಬೇಕಾಗಿಲ್ಲ. ಪಕ್ಕದ ಓಣೀಲಿ ಒಂದು ಹಳೇ ಕೈಮಗ್ಗ ಇದೆ ಅಂದರು. ಅಂಕಲ್ ಅದರ ಮುಂದೆ ಸ್ವಲ್ಪ ಹೊತ್ತು ಕೂತರೆ ವಿಡಿಯೊ ಮಾಡ್ಕೋತೀವಿ. ಪೋಸ್ಟರ್ ಹಾಗೇ ಇರಲಿ. ಜನ ಬರೋದು ಕೈಮಗ್ಗ ಅಂದ್ರೇನೇ.”

ನಿಜ ಹೇಳಲೇ? ನನಗೆ ಬಾಯಲ್ಲಿ ನೀರೂರಿತು. ಬೆಂಗಳೂರಿನ ವೇದಿಕೆ, ದೊಡ್ಡ ಸ್ಪೀಕರು, ನಮ್ಮ ನಿಶ್ಶಬ್ದಕ್ಕೆ ಕರೆಂಟು ಹೋಯಿತು ಎಂದು ಏಳದೆ ಕೇಳುವ ಮಂದಿ. ಗೆಳೆಯನ ಕಡೆ ನೋಡಿದೆ. ಅವನು ತಲೆ ಅಲ್ಲಾಡಿಸಿದ.

“ಆಗಂಗಿಲ್ರಿ, ಮೇಡಂ. ಪವರ್‌ಲೂಮ್ ಅಂತ ಹಾಕ್ರಿ. ಇಲ್ಲಂದ್ರ ನಮ್ಮನ್ನ ಬಿಡ್ರಿ.”

“ಯಾಕಿಷ್ಟು ಹಟ? ಕೈಮಗ್ಗ ಅಂದ್ರೆ ಅಲ್ಲಿ ಒಬ್ಬ ಮನುಷ್ಯನ ಕೈ ಇರುತ್ತೆ. ಇದು ಬರೀ ಮಷೀನು. ಇದರಲ್ಲಿ ಮನುಷ್ಯ ಎಲ್ಲಿದ್ದಾನೆ ಹೇಳಿ?”

ನನಗೆ ಎಂಟು ದನಿಗಳಲ್ಲಿ ಉತ್ತರ ಹೊಳೆಯಿತು, ಒಂದೂ ನೆಟ್ಟಗಿರಲಿಲ್ಲ. ಅಷ್ಟರಲ್ಲಿ ಗೆಳೆಯನ ಅಪ್ಪ, ತನಗೆ ತಿಳಿಯದಂತೆ ಏನೋ ನಡೆಯುತ್ತಿದೆ ಎಂಬ ಗುಮಾನಿಯಿಂದ, “ಏನಂತಾರಲೇ ಅವರು?” ಎಂದು ಗುಡುಗಿದರು.

ಹೇಳಬೇಕೋ ಬೇಡವೋ? ಗೆಳೆಯ ಹೇಳುವುದಿಲ್ಲ. ನಾನು ಅವರ ಎದುರಿಗೆ ನಿಂತು, ಶೆಡ್ಡಿನ ರೀತಿಯಲ್ಲಿ, ದನಿಯಿಲ್ಲದೆ, ಆ ಮಹಿಳೆಯ ಮಾತನ್ನು ಪೂರ್ತಿ ತುಟಿಯಲ್ಲಿ ಆಡಿದೆ. ಪಕ್ಕದ ಓಣಿ, ಕೈಮಗ್ಗ, ಕೂರುವುದು, ವಿಡಿಯೊ, ಬರೀ ಮಷೀನು. ಆಕೆಯದೇ ಹುಬ್ಬು, ಆಕೆಯದೇ ಕತ್ತಿನ ಓರೆ. ಒಂದು ಅಕ್ಷರ ಸಿಹಿ ಮಾಡಲಿಲ್ಲ, ಒಂದು ಅಕ್ಷರ ಖಾರ ಮಾಡಲಿಲ್ಲ. ನನ್ನ ಜೀವಮಾನದಲ್ಲಿ ಯಾರನ್ನೂ ಗೇಲಿ ಮಾಡದೆ ಮಾಡಿದ ನಕಲು ಅದೊಂದೇ.

ಗೆಳೆಯನ ಅಪ್ಪ ನೋಡಿದರು. ಮೀಸೆ ಮುಟ್ಟಿಕೊಂಡರು. ಆಮೇಲೆ ಆ ಮಹಿಳೆಯ ಕಡೆ ತಿರುಗಿ, ಸಿಟ್ಟಿಲ್ಲದೆ, ಆದರೆ ಓಣಿಯ ಆ ತುದಿಯ ತನಕ ಕೇಳುವ ದನಿಯಲ್ಲಿ ಒಂದೇ ಉತ್ತರ ಕೊಟ್ಟರು. ಆ ಮಹಿಳೆ ಅಲ್ಲೇ ನಿಂತು ಫೋನು ತೆಗೆದು, ಪೋಸ್ಟರು ಬರೆಯುವವರಿಗೆ ಹೊಸ ಸಾಲು ಕಳಿಸಿದರು. ಗೆಳೆಯನ ಅಪ್ಪ ಕೊಟ್ಟ ಉತ್ತರ ಇಷ್ಟೇ:

“ಬಾಯಾರ, ಕೈಮಗ್ಗಕ್ಕ ಊರಿಗೆ ಊರs ಕೈ ಕೊಟ್ಟೈತಿ. ನಾ ಈ ಮಗ್ಗಕ್ಕ ಕಿವಿ ಕೊಟ್ಟೇನಿ. ಬರಕೋರಿ, ಪವರ್‌ಲೂಮ್!”